ದೀರ್ಘ ಕೊಟ್ಟ ಪಾಸ್‌ವರ್ಡ್

ಮನೆಗೆ ವೈರ್‌ಲೆಸ್ ಇಂಟರ್‌ನೆಟ್ ಬಂದ ದಿನ, ಇನ್ನು ತಂತಿ ಕಾಲಿಗೆ ತೊಡರುವುದಿಲ್ಲ ಅಂತ ಖುಷಿಪಟ್ಟಿದ್ದೆ. ಆಮೇಲೆ ತೊಡರಿದ್ದೆಲ್ಲ ಮನುಷ್ಯರೇ. ಒಬ್ಬರನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು.

ಬಾಯಿ ತೆರೆದ ಅಪ್ಪ

ಮೆಷಿನ್ ಕೂರಿಸುವ ಕೆಲಸಕ್ಕೆ ನಮ್ಮೆಜಮಾನರನ್ನು ಕಂಪನಿ ಪುಣೆಗೆ ಹಾಕಿತ್ತು. ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ ನಾನು, ಅತ್ತೆ, ಯುಕೆಜಿ ಓದುವ ಮಗಳು. ಸಂಜೆ ಕಂಪ್ಯೂಟರಿನಲ್ಲಿ ಅಪ್ಪನ ಮುಖ ನೋಡಿದರೇನೇ ಅವಳಿಗೆ ಊಟ ಸೇರುವುದು. ಆದರೆ ಅಪ್ಪ "ಪುಟ್ಟೀ, ಊ..." ಅನ್ನುವಷ್ಟರಲ್ಲಿ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿದ್ದರು. ಮಗಳು ಆ ಬಾಯಿಗೆ ಅನ್ನದ ತುತ್ತು ಒತ್ತಿ ಒತ್ತಿ ಅಳುತ್ತಿದ್ದಳು.

ಒಂದು ದಿನ ಮಹಡಿ ಮೇಲಿನ ಓನರ್ ಆಂಟಿ ಮೆಟ್ಟಿಲಲ್ಲಿ ಸಿಕ್ಕರು. "ಏನಮ್ಮಾ, ನಿಮ್ಮ ನೆಟ್ ಈಚೆಗೆ ತುಂಬಾ ಸ್ಲೋ. ನಮ್ಮ ಹುಡುಗರಿಗೆ ಪಿಕ್ಚರೇ ಇಳಿಯಲ್ಲ. ಒಂದು ಕಂಪ್ಲೇಂಟ್ ಕೊಡಬಾರದಾ?"

ಮೊಳೆಯ ಮೇಲಿನ ಕೀ

ಕೊಟ್ಟೆ. ಇಂಟರ್‌ನೆಟ್ ಕಂಪನಿಯ ಹುಡುಗನ ಫೋನ್ ಬಂದಾಗ ನಾನು ಬಟ್ಟೆ ಒಗೆಯುತ್ತಿದ್ದೆ, ಅತ್ತೆ ಎತ್ತಿಕೊಂಡರು.

"ಸೆಕ್ಯುರಿಟಿ ಕೀ ಹಾಕಿದೀರಾ ಮೇಡಂ?"

"ಹಾಕಿದೀವಿ ಕಣಪ್ಪ. ದೇವರ ಮನೆ ಪಕ್ಕ, ಮೊಳೆಗೆ."

ಕಂಪ್ಲೇಂಟ್ ಸರಿಹೋಗಿದೆ ಅಂತ ಅವನು ಬರೆದುಕೊಂಡ.

ಏಳೇ ಅಕ್ಷರ

ಜಗಳ ಆಡಿ ಕರೆಸಿದ ಟೆಕ್ನಿಷಿಯನ್ ರೂಟರ್ ನೋಡಿ, "ಇದಕ್ಕೆ ಸೆಕ್ಯುರಿಟಿ ಕೀ, ಅಂದ್ರೆ ಪಾಸ್‌ವರ್ಡೇ ಇಲ್ಲ ಮೇಡಂ, ಬೀದಿ ನಲ್ಲಿ ಥರ ಬಿಟ್ಟಿದೀರಿ. ಯಾರೂ ಊಹಿಸದ ಒಂದು ಪದ ಹೇಳಿ," ಅಂದ.

ನನ್ನ ಚಿಂತೆ ಅತ್ತೆಯದು. ಜನ್ಮದಲ್ಲಿ ಸುಳ್ಳಾಡಿದವರಲ್ಲ, ಗುಟ್ಟು ಉಳಿಸಿಕೊಂಡವರೂ ಅಲ್ಲ. "ಓನರ್ ಆಂಟಿ ಪಾಸ್‌ವರ್ಡ್ ಕೇಳಿದರೆ ಏನಂತೀರಿ ಅತ್ತೆ?"

"ಹೇಳಲ್ಲ."

"ಅದನ್ನೇ ಹಾಕಿ!" ಅಂದೆ ಟೆಕ್ನಿಷಿಯನ್‌ಗೆ.

ಅವನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ. "ಏಳೇ ಅಕ್ಷರ ಆಯ್ತು. ಎಂಟಾದ್ರೂ ಬೇಕು."

"'ಹೇ'ಗೆ ದೀರ್ಘ ಕೊಡ್ರೀ. ಎರಡು 'ಇ' ಹಾಕಿ."

ಎಂಟಾಯಿತು. ಹತ್ತನೇ ಕ್ಲಾಸಿನವರೆಗೆ ಕಲಿತ ಕನ್ನಡ ಕೊನೆಗೂ ಇಂಗ್ಲಿಷಿನಲ್ಲಿ ಉಪಯೋಗಕ್ಕೆ ಬಂತು.

ಮೋಟರ್ ಕೆಟ್ಟಿತು

ಸಂಜೆಯೇ ಆಂಟಿ ಇಳಿದು ಬಂದು ಪಾಸ್‌ವರ್ಡ್ ಕೇಳಿದರು. ಅತ್ತೆ ಸತ್ಯವನ್ನೇ ನುಡಿದರು: "ಹೇಳಲ್ಲ."

"ನಾವೇನು ಹೊರಗಿನವರಾ?"

"ಅಯ್ಯೋ, ಅದೇ ಕಣ್ರೀ, ಹೇಳಲ್ಲ!"

ಅವತ್ತಿಂದ ನಮ್ಮ ಟ್ಯಾಂಕಿಗೆ ನೀರು ಬಿಡುವ ಮೋಟರ್ ಕೆಟ್ಟಿತು. ಅವರ ಟ್ಯಾಂಕಿಗೆ ಬಿಡುವಾಗ ಮಾತ್ರ ಸರಿಯಿರುತ್ತಿತ್ತು. ಮಗಳಿಗೆ ಈಗ ಅಪ್ಪ ಪೂರ್ತಿ ಕಾಣಿಸುತ್ತಿದ್ದರು, ಸ್ನಾನ ಮಾತ್ರ ಇರಲಿಲ್ಲ.

ಅಪ್ಪ ಬಂದರು

ಗೌರಿ ಹಬ್ಬಕ್ಕೆ ಬಂದವರು ತಮ್ಮ ಲ್ಯಾಪ್‌ಟಾಪ್ ತೆರೆದು, "ಪುಟ್ಟೀ, ಪಾಸ್‌ವರ್ಡ್ ಏನಮ್ಮಾ?" ಅಂದರು.

"ಹೇಳಲ್ಲ."

"ಚಾಕಲೇಟ್ ಕೊಡ್ತೀನಿ ಕಣೇ."

"ಹೇಳಲ್ಲ ಅಪ್ಪಾ, ಹೇಳಲ್ಲ!" ಅವಳಿಗೆ ಅಳುವೇ ಬಂತು.

ಅಡುಗೆಮನೆಗೆ ಬಂದಾಗ ಅವರ ಕಣ್ಣೂ ಒದ್ದೆ. "ನಾನು ದೂರ ಇರೋದಕ್ಕೆ ಮಗು ಇಷ್ಟು ಕೋಪ ಮಾಡ್ಕೊಂಡಿದೆಯೇನೇ? ಬೆಂಗಳೂರಿಗೇ ವಾಪಸ್ ಹಾಕಿ ಅಂತ ಸಾಹೇಬರನ್ನ ಕೇಳಿಬಿಡ್ಲಾ?"

ಇದೇ ಮಾತನ್ನು ಯುಗಾದಿಯಿಂದ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಸೌಟು ಕೆಳಗಿಟ್ಟು, "ಈಗಲೇ ಫೋನ್ ಮಾಡಿ," ಅಂದೆ.

"ಮಾಡ್ತೀನಿ. ಪಾಸ್‌ವರ್ಡ್ ನೀನಾದ್ರೂ ಹೇಳೇ."

ಕಟ್ಟಿಕೊಂಡ ಗಂಡನಿಗೆ ಸುಳ್ಳು ಹೇಳಬಾರದು.

"ಹೇಳಲ್ಲ," ಅಂದೆ.