ಬಿಲ್ಲೆಯ ಅಂಚಿನ ಹೆಸರು

ಕೂತಲ್ಲಿ ಕೂರಗೊಡದ ಚಟಗಳು ಮನುಷ್ಯನಿಗೆ ನಿವೃತ್ತಿಯಾದ ಮೇಲೆಯೇ ಅಂಟುತ್ತವೆ ಎಂದು ಕಾಣುತ್ತದೆ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಒಂದೇ ಕುರ್ಚಿ ಸವೆಸಿದ ನಾನು ಈಗ ಒಂದು ಕಪ್ ಚಹಾ ಮುಗಿಯುವವರೆಗೂ ಕೂರುವುದಿಲ್ಲ. ಕಾರಣ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕಿದೆ? ನಾನು ಹಳೆಯ ಮಿಲಿಟರಿ ಪದಕಗಳನ್ನು ಸಂಗ್ರಹಿಸುತ್ತೇನೆ. ನಮ್ಮ ಕಡೆಯವರು ಅವನ್ನು ಬಿಲ್ಲೆ ಎನ್ನುತ್ತಾರೆ. ಹಾಗಂತ ನಾನೇನು ಶೂರನಲ್ಲ, ದೀಪಾವಳಿಯ ಪಟಾಕಿಗೂ ಕಿವಿ ಮುಚ್ಚಿಕೊಂಡು ಒಳಗೆ ಓಡುವವನು. ಆದರೂ ಎಲ್ಲೋ ಯಾರ ಮನೆಯಲ್ಲೋ ಬಿಲ್ಲೆಯೊಂದಿದೆ ಎಂದು ಕಿವಿಗೆ ಬಿದ್ದರೆ ಸಾಕು, ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ.

ಈ ಹುಚ್ಚಿಗೆ ನಾನು ಜೊಯಿಡಾಕ್ಕೆ ಹೋಗಿ ವಾಪಸು ಬಸ್ಸಿಗೆ ಅರ್ಧ ದಿನ ಕಾದಿದ್ದೇನೆ. ಮುಂಡಗೋಡದ ಸಂತೆಗೆ ಹಿತ್ತಾಳೆಯ ಬಿಲ್ಲೆ ಬಂದಿದೆ ಎಂದು ಬಿದ್ದು ಎದ್ದು ಓಡಿದರೆ, ಅದು ಯಾವುದೋ ಕಾಲದ ಕಚೇರಿ ಜವಾನ ನಡುಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದದ್ದು. ಜೊಯಿಡಾ ಕಡೆಯ ರಾಮನಗರದ ಗುಜರಿ ಅಂಗಡಿಯವನು ಯುದ್ಧದ್ದೆಂದು ಆಣೆ ಮಾಡಿ ಕೊಟ್ಟದ್ದನ್ನು ಮನೆಯಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ಯಾರೋ ಪುಣ್ಯಾತ್ಮ ಹಗ್ಗಜಗ್ಗಾಟದಲ್ಲಿ ಗೆದ್ದದ್ದು! ನನ್ನ ಹೆಂಡತಿ ಕಸ್ತೂರಿ, "ಅವರೂ ಜಗ್ಗ್ಯಾಡಿ ಗೆದ್ದಾರಲ್ರೀ, ಇರ್ಲಿ ತಗೋರಿ," ಎಂದಳು. ಇಷ್ಟೆಲ್ಲ ಅವಮಾನಗಳ ನಡುವೆಯೂ ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿ ಇಪ್ಪತ್ತೆರಡು ಅಸಲಿ ಬಿಲ್ಲೆಗಳು ಸೇರಿವೆ. ಮೊದಲನೆಯದನ್ನು ತಂದ ದಿನ ಅವಳು ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕಿಟ್ಟುಬಿಟ್ಟಿದ್ದಳು. ಹಳೆಯ ಬಿಲ್ಲೆಯನ್ನು ತಿಕ್ಕಬಾರದು, ಅದರ ಮಾಸಲೇ ಅದರ ಮರ್ಯಾದೆ ಎಂದು ತಿಳಿಸಿ ಹೇಳಿದೆ. "ಹಂಗಾರ ನಾಳಿಂದ ನಿಮ್ಮ ಬನಿಯನ್ನೂ ಒಗಿಯಂಗಿಲ್ಲ ನಾ," ಎಂದಳು.

ಬಿಲ್ಲೆಯ ಮುಖಕ್ಕಿಂತ ನನಗೆ ಅದರ ಅಂಚು ಮುಖ್ಯ. ಮೊದಲ ಮಹಾಯುದ್ಧದ ಬೆಳ್ಳಿ ಬಿಲ್ಲೆಗಳ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಕೊರೆದಿರುತ್ತವೆ. ಅದನ್ನು ಓದುವವರೆಗೆ ನನಗೆ ಊಟ ರುಚಿಸುವುದಿಲ್ಲ.

ಹೀಗಿರುವಾಗ ಹಳೆಯ ಸಹೋದ್ಯೋಗಿಯೊಬ್ಬರು, ಹಳಿಯಾಳದ ಹತ್ತಿರದ ಹಳ್ಳಿಯಲ್ಲಿ ತಮ್ಮ ಕಾಕೂನ, ಅಂದರೆ ಚಿಕ್ಕಮ್ಮನ, ಪೂಜೆಯ ಕೋಣೆಯಲ್ಲಿ ದೇವರ ಜಗಲಿಯ ಮೇಲೆ ಅಂಥದೊಂದು ಬಿಲ್ಲೆ ಇದೆ ಎಂದರು. ಕಾಕೂನ ಗಂಡನ ಅಜ್ಜ ತುಕಾರಾಮ ಎಂಬವರು ಮೊದಲ ಮಹಾಯುದ್ಧದಲ್ಲಿ ಇರಾಕಿನ ಬಸ್ರಾಕ್ಕೆ ಹೋಗಿ ಬಂದವರಂತೆ. ಮರುದಿನವೇ ಹೋದೆ. ಕಾಕೂ ಎಂಬತ್ತು ದಾಟಿದ ಹಿರಿಯಳು. ಎಲ್ಲರೂ ಆಯಿ ಎನ್ನುತ್ತಾರೆ, ನಾನೂ ಅಂದೆ. ಮರಾಠರ ಮನೆಗಳಲ್ಲಿ ತೀರಿಹೋದ ಹಿರಿಯರನ್ನು ಬೆಳ್ಳಿಯ ತಗಡಿನಲ್ಲಿ ಮೂಡಿಸಿ ದೇವರ ಜೊತೆ ಇಡುತ್ತಾರಲ್ಲ, ಇವರು ಆ ಖರ್ಚೇ ಬೇಡವೆಂದು ಬಿಲ್ಲೆಯನ್ನೇ ಅಜ್ಜನನ್ನಾಗಿ ಕೂರಿಸಿದ್ದರು. ಬಿಲ್ಲೆಯ ಮೇಲೆ ಕುದುರೆ ಹತ್ತಿದ ಸವಾರನೊಬ್ಬ. ವಿಲಾಯತಿಯವರು ಅವನಿಗೆ ಒಂದು ಚೂರು ಬಟ್ಟೆಯನ್ನೂ ಕೊಟ್ಟಿರಲಿಲ್ಲ. ಆಯಿ ಮರ್ಯಾದಸ್ತೆ, ಅವನಿಗೆ ದಪ್ಪಗೆ ಕುಂಕುಮದ ಅಂಗಿ ತೊಡಿಸಿದ್ದಳು. ಆ ಕುಂಕುಮ ಅಂಚಿಗೂ ಮೆತ್ತಿ ಒಂದಕ್ಷರವೂ ಕಾಣುತ್ತಿರಲಿಲ್ಲ.

"ಆಯಿ, ಇದನ್ನ ನನಗ ಕೊಡ್ತೀರೇನ್ರಿ? ಜ್ವಾಕಿ ಮಾಡ್ತೇನಿ," ಎಂದೆ.

"ಅಜ್ಜನ್ನ ಕೇಳಾಕತ್ತೀಯೇನು ತಮ್ಮಾ? ಅವಗ ಅಮಾಸಿಗೊಮ್ಮೆ ಒಣಮೀನಿನ ಸಾರಿನ ಎಡಿ ಬೇಕು. ನಿಮ್ಮ ಮನಿಯೊಳಗ ಮಾಡ್ತಾರೇನು?"

ನಮ್ಮ ಮನೆಯಲ್ಲಿ ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟುವುದಿಲ್ಲ. ಆದರೂ ಆಸೆ ಎಂಬುದು ನೋಡಿ, ಬಾಯಿ ತೆರೆದು "ಮಾಡ್ತೀವ್ರಿ" ಎಂದುಬಿಡುವುದರಲ್ಲಿದ್ದೆ. ಕಸ್ತೂರಿಯ ಮುಖ ಕಣ್ಣ ಮುಂದೆ ಬಂದು ನಾಲಿಗೆ ಕಚ್ಚಿಕೊಂಡೆ. ಅಮಾವಾಸ್ಯೆಯ ದಿನ ಅಜ್ಜನಿಗೆ ಹಾಲಿನ ಸ್ನಾನ, ಆಗ ಬಂದರೆ ಕುಂಕುಮವಿಲ್ಲದೆ ನೋಡಬಹುದು ಎಂದಳು ಆಯಿ.

ಅಮಾವಾಸ್ಯೆಗೆ ಮೊದಲ ಬಸ್ಸಿಗೇ ಹಾಜರಾದೆ. ಸ್ನಾನ ಮುಗಿದ ಅಜ್ಜನನ್ನು ಅಂಗೈ ಮೇಲಿಟ್ಟುಕೊಂಡು, ಕಿಸೆಯಿಂದ ಭೂತಗನ್ನಡಿ ತೆಗೆದು ಅಂಚನ್ನು ಓದಿದೆ. ನಂಬರು ಇತ್ತು, ಹೆಸರೂ ಇತ್ತು. ಆದರೆ ತುಕಾರಾಮ ಅಲ್ಲ, ಭಿಕಾಜಿ! ಇಷ್ಟು ವರ್ಷ ಈ ಮನೆಯಲ್ಲಿ ಒಣಮೀನು ಹೊಡೆಯುತ್ತ ಕೂತವನು ಯಾರೋ ಬೇರೆಯವನು. ಆಯಿ ಎಲೆಯ ಮುಂದೆ ಕೈ ಮುಗಿದು ಕೂತಿದ್ದಳು. ನಾನು ಬಾಯಿ ಮುಚ್ಚಿಕೊಂಡು ಬಿಲ್ಲೆಯನ್ನು ಜಗಲಿಗೇರಿಸಿ ಬಂದೆ.

ಆ ಒಂದು ತಿಂಗಳು ನನ್ನ ಪಾಡು ಯಾರಿಗೂ ಬೇಡ. ಹೇಳಿದರೆ ಮುದುಕಿಯ ಎದೆ ಒಡೆಯುತ್ತದೆ, ಹೇಳದಿದ್ದರೆ ನನ್ನ ಹೊಟ್ಟೆ ಒಡೆಯುತ್ತದೆ. ಕೆಲಸವಿಲ್ಲದೆ ಮುಂಡಗೋಡಕ್ಕೆ ಹೋಗಿ, ಇಳಿದು, ಅದೇ ಬಸ್ಸಿಗೆ ಹತ್ತಿ ಬಂದೆ. ನಿಜ ಹೇಳಬೇಕೆಂದರೆ, ನನ್ನೊಳಗೆ ಸತ್ಯದ ಮೇಲಿನ ಪ್ರೀತಿಗಿಂತ ಬೇರೊಂದು ಲೆಕ್ಕಾಚಾರವಿತ್ತು: ಅಜ್ಜನದಲ್ಲ ಎಂದು ತಿಳಿದರೆ ಆಯಿ ಬಿಲ್ಲೆಯನ್ನು ನನಗೇ ಕೊಟ್ಟಾಳು. ಇದನ್ನು ಕೇಳಿ ಕಸ್ತೂರಿ, "ಮುದುಕೀ ಮುಂದ ಹೋಗಿ ಹೇಳಿದ್ರ ನೋಡ್ರಿ ಮತ್ತ, ನಾ ನಿಮ್ಮ ಮಾರಿ ನೋಡಂಗಿಲ್ಲ," ಎಂದಳು. ಆದರೂ ಮುಂದಿನ ಅಮಾವಾಸ್ಯೆಗೆ ಹೋದೆ. ಚಟ ಬಲ್ಲವರೇ ಬಲ್ಲರು.

ಎಡೆಯ ಅಡುಗೆ ಒಲೆಯ ಮೇಲಿತ್ತು. ಹೇಳಿಯೇಬಿಟ್ಟೆ. "ಆಯಿ, ತಪ್ಪು ತಿಳ್ಕೋಬ್ಯಾಡ್ರಿ. ಇದು ನಿಮ್ಮಜ್ಜಂದಲ್ರಿ. ಭಿಕಾಜಿ ಅಂತ ಯಾರದೋ ಐತಿ."

ಆಯಿ ಸಾರು ತಿರುವುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ ತಮ್ಮಾ," ಎಂದಳು.

ನಾನು ಕಂಬಕ್ಕೆ ಒರಗಿ ನಿಂತೆ.

"ಇಬ್ರೂ ದೋಸ್ತರಿದ್ರಂತ. ಬಿಲ್ಲೆ ಇಸಕೊಂಡ ದಿನ ಕೂಡೇ ಕುಡದಾರ. ಕುಡದ ಮ್ಯಾಲ ಯಾರ್ದು ಯಾರ ಕಿಸೇದಾಗ ಹೋತೋ! ಓದಾಕ ಇಬ್ರಿಗೂ ಬರ್ತಿದ್ದಿಲ್ಲ. ಮುಂದ ಯಾರೋ ಮಾಸ್ತರು ಓದಿ ಹೇಳಿದ್ರಂತ. ಅಜ್ಜ ಭಾಳ ಹುಡುಕಿದಾ, ಅವನ ಊರು ಸಿಗಲಿಲ್ಲ. ಸಾಯೂ ಮುಂದ ಹೇಳಿಹ್ವಾದ, ನಂದು ಅವನ ಮನಿಯೊಳಗ ಇರತೈತಿ, ಅವ್ರು ನನಗ ಎಡಿ ಹಿಡೀತಾರ, ನೀವು ಅವಗ ಹಿಡೀರಿ ಅಂತ." ಆಯಿ ಸಾರಿನ ಪಾತ್ರೆ ಇಳಿಸಿದಳು. "ಈಗ ನೀನ ಹೇಳು. ನಮ್ಮಜ್ಜ ಎಲ್ಲೋ ಯಾರ ಮನಿಯೊಳಗೋ ಉಣ್ಣಾಕತ್ತಾನ. ಇಲ್ಲಿ ಬಂದಾವ್ನ ಉಪವಾಸ ಕೆಡವಲೇನು?"

ನಾಚಿಕೆಯಾಯಿತು, ಕಣ್ಣೂ ತುಂಬಿತು. ಒಲೆಯ ಹೊಗೆ ಎಂದು ಹೇಳಿ ಒರೆಸಿಕೊಂಡೆ. ಆಯಿಯ ಮನೆಯಲ್ಲಿ ಇರುವುದು ಗ್ಯಾಸ್ ಒಲೆ.

ಮನೆಗೆ ಬಂದು ಎಲ್ಲ ಹೇಳಿದೆ. ಕಸ್ತೂರಿ ಬಿಸ್ಕತ್ತಿನ ಡಬ್ಬಿಯ ಕಡೆ ತಿರುಗಿ ನೋಡಿದಳು. "ಅಯ್ಯ ನನ ಶಿವನ! ಇಪ್ಪತ್ತೆರಡು ಮಂದಿ ಗಂಡಸರನ್ನ ಡಬ್ಬಿಯೊಳಗ ಉಪವಾಸ ಕೆಡವೀರಲ್ರೀ!" ಎಂದಳು. ಅಂದಿನಿಂದ ನಮ್ಮ ಮನೆಯಲ್ಲೂ ಅಮಾವಾಸ್ಯೆಗೆ ಡಬ್ಬಿಯ ಮುಂದೆ ಹೋಳಿಗೆಯ ಎಡೆ. ಒಣಮೀನು ನಮ್ಮಿಂದಾಗದು, ಸಿಪಾಯಿಗಳು ಹೊಂದಿಕೊಳ್ಳಬೇಕು. ಅಂಚುಗಳನ್ನು ನೋಡಿ ಇಪ್ಪತ್ತೆರಡು ಹೆಸರು ಕೂಗುವುದು ನನ್ನ ಕೆಲಸ.

ಕಳೆದ ಅಮಾವಾಸ್ಯೆ, ಹೆಸರು ಮುಗಿದ ಮೇಲೆ ಏನನ್ನಿಸಿತೋ, ಕಪಾಟಿನಿಂದ ನನ್ನದೇ ಪದಕವನ್ನು ತೆಗೆದೆ. ನಿವೃತ್ತಿಯ ದಿನ ಗೆಳೆಯರು ವಂತಿಗೆ ಎತ್ತಿ ಕೊಟ್ಟದ್ದು. ಭೂತಗನ್ನಡಿ ಹಿಡಿದು ಅಂಚನ್ನು ಸುತ್ತಲೂ ತಿರುಗಿಸಿದೆ. ನುಣ್ಣಗಿತ್ತು. ಎಲ್ಲಿಯೂ ಒಂದಕ್ಷರವಿಲ್ಲ.

"ಕಸ್ತೂರಿ, ಇದರಾಗ ನನ್ನ ಹೆಸರ ಇಲ್ಲಲ್ಲ! ನಾಳೆ ಯಾರ ಕೈಗರೆ ಸಿಕ್ಕರ ನನಗ ಎಡಿ ಹಿಡಿಯಾವ್ರು ಯಾರು?"

"ಸತ್ತ ಮ್ಯಾಲಿಂದು ಆಮ್ಯಾಲ ನೋಡೂಣು," ಎಂದಳು ಅವಳು ತಾಟು ಇಡುತ್ತ. "ಮೊದಲ ಇದ್ದಾಗ ಹೊತ್ತಿಗೆ ಸರಿಯಾಗಿ ಮನಿಗೆ ಬಂದು ಉಣ್ರಿ."

ಹೊಸದೊಂದು ಬಿಲ್ಲೆಯ ಸುದ್ದಿ ಕೇಳಿ ಹಿಡಿಯಬೇಕೆಂದಿದ್ದ ರಾಮನಗರದ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಬಸ್ಸನ್ನೂ ಚಪ್ಪಲಿಯನ್ನೂ ಬಿಟ್ಟು ಊಟಕ್ಕೆ ಕೂತೆ.