ದಂತವೈದ್ಯರ ಸದ್ದಿಲ್ಲದ ಡ್ರಮ್ಸು

ಹಲ್ಲಿನ ಡಾಕ್ಟರಿಗೆ ಮನೆಯವರ ಮೇಲೆ ಇದ್ದ ದೂರು ಒಂದೇ. ಅವರ ಮಾತನ್ನು ಅಲ್ಲಿ ಯಾರೂ ಪೂರ್ತಿ ಕೇಳುತ್ತಿರಲಿಲ್ಲ. ಕ್ಲಿನಿಕ್ಕಿನಲ್ಲಾದರೆ ಎದುರಿಗಿದ್ದವರ ಬಾಯಲ್ಲಿ ಹತ್ತಿಯೋ ಕನ್ನಡಿಯೋ ಇರುತ್ತಿದ್ದುದರಿಂದ ಇವರು ಏನು ಹೇಳಿದರೂ ಅಡ್ಡಮಾತು ಬರುತ್ತಿರಲಿಲ್ಲ. ಹವಾಮಾನ, ರಾಜಕೀಯ, ರಸ್ತೆಯ ಗುಂಡಿ, ಎಲ್ಲದರ ಮೇಲೂ ನಿರರ್ಗಳ ಪ್ರವಚನ. ನಡುವೆ "ಏನಂತೀರಿ?" ಅಂದರೆ "ಆಂ" ಎಂಬ ಸರ್ವಾನುಮತದ ಒಪ್ಪಿಗೆ. ಮನೆಯ ಕತೆ ಹಾಗಲ್ಲ. ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಇವರು ಮೊದಲ ವಾಕ್ಯ ಮುಗಿಸುವಷ್ಟರಲ್ಲಿ ಆಕೆ ಉತ್ತರಕ್ಕೆ ಬಂದು, ಅದರ ಕೆಳಗೆ ಎರಡು ಗೆರೆ ಎಳೆದು, ಮುಂದಿನ ಲೆಕ್ಕಕ್ಕೆ ಹೋಗಿಬಿಟ್ಟಿರುತ್ತಿದ್ದರು.

ಡ್ರಮ್ಸಿನ ವಿಷಯದಲ್ಲೂ ಆದದ್ದು ಅದೇ.

"ನಾನೊಂದು ಡ್ರಮ್ಸ್ ಸೆಟ್ ತಗೋಬೇಕು ಅಂತಿದೀನಿ ಕಣೇ," ಎಂದರು ಡಾಕ್ಟರು, ಭಾನುವಾರ ಬೆಳಗಿನ ಕಾಫಿ ಹೊತ್ತಿಗೆ.

"ಬೇಡ."

"ಪೂರ್ತಿ ಕೇಳಿಸ್ಕೋ."

"ಪೂರ್ತಿ ಕೇಳಿಸ್ಕೊಂಡ ಮೇಲೂ ಬೇಡ ಅಂತಾನೇ ಹೇಳ್ತೀನಿ ರೀ. ಇಬ್ಬರಿಗೂ ಟೈಮ್ ಉಳೀಲಿ ಅಂತ ಮೊದಲೇ ಹೇಳಿದೆ."

ಡಾಕ್ಟರು ಪಟ್ಟು ಬಿಡಲಿಲ್ಲ. ವಿಷಯ ಅಂಥದ್ದು. ಊರಿನ ದಂತವೈದ್ಯರ ಸಂಘಕ್ಕೆ ಒಂದು ವಾದ್ಯವೃಂದ ಇತ್ತು. ಹಲ್ಲಿಗೆ ತಂತಿ ಕಟ್ಟುವ ಡಾಕ್ಟರು ಅದರ ನಾಯಕರು, ಗಿಟಾರ್ ನುಡಿಸುತ್ತಿದ್ದರು (ತಂತಿ ಬಿಗಿ ಮಾಡುವುದು ಅವರಿಗೆ ಹೊಸದೇನಲ್ಲ). ಕಟ್ಟಿದ ಹಲ್ಲಿನ ಸೆಟ್ಟು ಮಾಡುವವರು ಕೀಬೋರ್ಡು. ಬಿಳಿಯ ಸಾಲು ಕಂಡರೆ ಅವರ ಬೆರಳು ತಾವಾಗಿಯೇ ಓಡುತ್ತಿದ್ದವು. ಮಕ್ಕಳ ಹಲ್ಲಿನ ಡಾಕ್ಟರಮ್ಮ ಹಾಡುತ್ತಿದ್ದರು. ಡ್ರಮ್ಸು ಬಾರಿಸುತ್ತಿದ್ದವರು ಬೇರೆ ಊರಿಗೆ ಹೋದದ್ದರಿಂದ ಆ ಜಾಗ ಬಾಯಿಯ ಮುಂದಿನ ಹಲ್ಲು ಬಿದ್ದ ಹಾಗೆ ಖಾಲಿ ಇತ್ತು. ನಮ್ಮ ಡಾಕ್ಟರು ಕಾಲೇಜಿನಲ್ಲಿದ್ದಾಗ ಡ್ರಮ್ಸು ಬಾರಿಸಿದವರು. ಆಮೇಲೆ ಮದುವೆ, ಕ್ಲಿನಿಕ್ಕು, ಮಗಳು. ಡ್ರಮ್ಸನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಅದು ತಾನಾಗಿಯೇ ಉದುರಿಹೋಗಿತ್ತು. ಈಗ ತಂತಿ ಡಾಕ್ಟರು, "ಮನೇಲಿ ಪ್ರಾಕ್ಟೀಸ್ ಮಾಡಿ ಎರಡು ಹಾಡು ರೆಕಾರ್ಡ್ ಮಾಡಿ ಕಳಿಸಿ, ನೋಡೋಣ" ಅಂದಿದ್ದರು. ಆ "ನೋಡೋಣ" ಡಾಕ್ಟರ ಎದೆಯಲ್ಲಿ ಆಗಲೇ ವೇದಿಕೆ ಕಟ್ಟಿ, ದೀಪ ಹಾಕಿ, ಪರದೆ ಸರಿಸಿಬಿಟ್ಟಿತ್ತು.

ಇದಿಷ್ಟನ್ನೂ ಅವರು ಒಂದೇ ಉಸಿರಿಗೆ ಹೇಳಿದರು. ಮೇಡಂ ಈ ಸಲ ನಡುವೆ ಬಾಯಿ ಹಾಕಲಿಲ್ಲ. ಗಂಡನ ಮುಖ ನೋಡಿ, ಕಪ್ಪನ್ನು ಕೆಳಗಿಟ್ಟು, ಷರತ್ತು ಹಾಕಿದರು.

"ಕೆಳಗಿನ ಮನೆಯವರಿಗೆ ಕೇಳಿಸಬಾರದು. ಓದೋ ಮಗಳಿಗೆ ಕೇಳಿಸಬಾರದು. ನನಗಂತೂ ಕೇಳಿಸಲೇಬಾರದು."

"ಹಾಗಾದ್ರೆ ಯಾರಿಗೆ ಕೇಳಿಸಬೇಕು ಕಣೇ?"

"ನಿಮಗೆ. ಆಸೆ ನಿಮ್ಮದು ತಾನೇ?"

ಡಾಕ್ಟರು ಸೋತೆ ಅಂದುಕೊಂಡರು. ಆದರೆ ಕಾಲೇಜಿಗೆ ಹೋಗುವ ಮಗಳು ಮೊಬೈಲಿನಿಂದ ತಲೆಯೆತ್ತಿ, "ಎಲೆಕ್ಟ್ರಾನಿಕ್ ಡ್ರಮ್ಸ್ ಅಂತ ಬರುತ್ತಪ್ಪಾ. ಹೆಡ್‌ಫೋನ್ ಹಾಕ್ಕೊಂಡು ಬಾರಿಸೋದು. ಹೊರಗೆ ಯಾರಿಗೂ ಕೇಳಿಸಲ್ಲ. ರೆಕಾರ್ಡಿಂಗೂ ಅದರಲ್ಲೇ ಆಗುತ್ತೆ," ಅಂದಳು.

ಅಂದಿನಿಂದ ಡಾಕ್ಟರ ಅಧ್ಯಯನ ಪರ್ವ ಶುರುವಾಯಿತು. ಡಿಗ್ರಿಗೂ ಅವರು ಅಷ್ಟು ಓದಿರಲಿಲ್ಲ. ರಬ್ಬರಿನ ಪ್ಯಾಡು ಒಳ್ಳೆಯದೋ, ಬಲೆಯಂಥ ಮೆಶ್ ಪ್ಯಾಡು ಒಳ್ಳೆಯದೋ? ಕಾಲಲ್ಲಿ ಒತ್ತುವ ಪೆಡಲಿಗೆ ಸುತ್ತಿಗೆ ಇರಬೇಕೋ ಬೇಡವೋ? ಝಣ್ ಎನ್ನುವ ಸಿಂಬಲ್ ತಟ್ಟೆ ಎರಡು ಸಾಕೋ, ನಾಲ್ಕು ಬೇಕೋ? ಊಟಕ್ಕೆ ಕೂತರೆ ಅದೇ ಮಾತು, ಕ್ಲಿನಿಕ್ಕಿನಲ್ಲೂ ಅದೇ ಮಾತು. ಬುದ್ಧಿಹಲ್ಲು ಕೀಳಿಸಿಕೊಳ್ಳಲು ಬಂದ ಬಸ್ ಡ್ರೈವರ್ ಒಬ್ಬರು, ಹಲ್ಲಿನ ಬದಲಿಗೆ ಮೆಶ್ ಪ್ಯಾಡಿನ ಸಕಲ ಜ್ಞಾನವನ್ನೂ ಪಡೆದು, ಕೆನ್ನೆ ಹಿಡಿದುಕೊಂಡು ಮನೆಗೆ ಹೋದರು.

ಕೊನೆಗೆ ಡಾಕ್ಟರ ಮನಸ್ಸು ನಿಂತದ್ದು ಒಂದು ದೊಡ್ಡ ಕಪ್ಪು ಸೆಟ್ಟಿನ ಮೇಲೆ. ಅದಕ್ಕೆ ಲೆಕ್ಕವಿಲ್ಲದಷ್ಟು ತಟ್ಟೆಗಳು. ಹೊಡೆದಲ್ಲೆಲ್ಲ ಕೆಂಪು ದೀಪ ಹತ್ತುತ್ತಿತ್ತು. ಚಿತ್ರ ತೋರಿಸಿದಾಗ ಮಗಳು, "ಅಪ್ಪಾ, ಇದರಲ್ಲಿ ಕೂತ್ರೆ ವಿಮಾನ ಹಾರಿಸಬಹುದು," ಅಂದಳು. ಮೇಡಂ ಟೇಪು ತಂದು, ಇಸ್ತ್ರಿ ಮೇಜಿಗೂ ಬೀರುವಿಗೂ ನಡುವಿನ ಜಾಗ ಅಳೆದರು. "ಸೆಟ್ ಹಿಡಿಸುತ್ತೆ. ನೀವು ಹೊರಗೆ ನಿಂತು ಬಾರಿಸಬೇಕಾಗುತ್ತೆ," ಎಂದರು.

"ಅಂಗಡೀಲಿ ನೋಡಿದ ಮೇಲೆ ಮಾತಾಡು," ಎಂದು ಡಾಕ್ಟರು ಮುನಿಸಿಕೊಂಡರು.

ಶನಿವಾರ ಮಧ್ಯಾಹ್ನ ಕಾರಿನ ಹತ್ತಿರ ಬಂದು ನೋಡಿದರೆ, ಮುಂದಿನ ಸೀಟಿನಲ್ಲಿ ಕೆಳಗಿನ ಮನೆಯ ಲೈಬ್ರರಿ ತಾತ ಬೆಲ್ಟು ಕಟ್ಟಿಕೊಂಡು ಕೂತಿದ್ದಾರೆ! ಲೈಬ್ರರಿಯನ್ ಆಗಿ ನಿವೃತ್ತರಾದವರು. ವೃತ್ತಿಜೀವನವನ್ನೆಲ್ಲ "ಶ್" ಎಂಬ ಒಂದೇ ಅಕ್ಷರದ ಮೇಲೆ ನಡೆಸಿದವರು.

"ಇವರ‍್ಯಾಕೆ?" ಎಂದು ಡಾಕ್ಟರು ಪಿಸುಗುಟ್ಟಿದರು.

"ಅವರ ತಲೆ ಮೇಲೆ ತಾನೇ ನೀವು ಬಾರಿಸೋದು? ತಲೆ ಅವರದ್ದು, ಅವರೇ ಆರಿಸಲಿ," ಎಂದರು ಮೇಡಂ.

ವಾದ್ಯದ ಅಂಗಡಿಯ ಯಜಮಾನಿ ಶಾಂತಸ್ವಭಾವದ ಹೆಂಗಸು. ಗಂಡ ಹೆಂಡತಿಯರ ಜೊತೆ ಕೆಳಗಿನ ಮನೆಯವರೂ ಬಂದದ್ದಕ್ಕೆ ಹುಬ್ಬು ಕೂಡ ಏರಿಸಲಿಲ್ಲ. "ಒಳ್ಳೇದೇ ಆಯ್ತು. ಡ್ರಮ್ಸ್ ಎಲ್ಲ ಮೇಲಿನ ಮರದ ಅಟ್ಟದ ಮೇಲಿದೆ. ಸಾರ್ ಮೇಲೆ ಬಾರಿಸಲಿ, ತಾತ ಕೆಳಗೆ ಗಿಟಾರ್ ಪಕ್ಕ ನಿಂತು ಕೇಳಲಿ. ಮನೇಲಿ ಹೇಗೋ ಇಲ್ಲೂ ಹಾಗೇ," ಎಂದರು.

ಮೊದಲು ರಬ್ಬರ್ ಪ್ಯಾಡಿನ ಸೆಟ್ಟು. ಡಾಕ್ಟರು ಹೆಡ್‌ಫೋನು ಏರಿಸಿ ಹೊಡೆದರು. ಅವರ ಕಿವಿಯಲ್ಲಿ ಗುಡುಗಿತು. ಕೆಳಗಿನಿಂದ ತೀರ್ಪು ಬಂತು: "ಯಾರೋ ಬಾಗಿಲು ತಟ್ತಿದಾರೆ. ತೆಗೆಯೋವರೆಗೂ ಬಿಡೋ ಹಾಗೆ ಕಾಣಲ್ಲ."

ಆಮೇಲೆ ಆ ಕಪ್ಪು ಮಹಾರಥ. ಡಾಕ್ಟರು ಅದರೊಳಗೆ ಸೇರಿಕೊಂಡು, ಕಣ್ಣು ಮುಚ್ಚಿ, ತುಟಿ ಒಳಗೆಳೆದು, ಇದ್ದಬದ್ದ ತಟ್ಟೆಗಳಿಗೆಲ್ಲ ಬಡಿದರು. ದೀಪಗಳು ಹತ್ತಿ ಆರಿದವು. ಹೆಡ್‌ಫೋನಿಲ್ಲದ ಮೇಡಂಗೆ ಕಂಡದ್ದು ಇಷ್ಟೇ: ಸೊಳ್ಳೆ ಹೊಡೆಯುತ್ತಿರುವ ಐವತ್ತು ದಾಟಿದ ಗಂಡ.

"ಏನು ಸಾರ್?" ಎಂದು ಡಾಕ್ಟರು ಅಟ್ಟದ ಕಟಕಟೆಯಿಂದ ಬಗ್ಗಿ ಕೇಳಿದರು.

"ಕೈಯ ಸದ್ದು ಇಲ್ಲ ಡಾಕ್ಟ್ರೇ. ಆದ್ರೆ ಯಾರೋ ಒಂಟಿ ಕಾಲಲ್ಲಿ ಮನೆಯೆಲ್ಲ ಕುಪ್ಪಳಿಸ್ತಾ ಇದಾರೆ."

"ಅದು ಪೆಡಲಿನ ಸುತ್ತಿಗೆ," ಅಂದರು ಯಜಮಾನಿ. "ನೆಲಕ್ಕೆ ಇಳಿಯೋದು ಅದೇ. ಮಹಡಿ ಮನೆಯವರಿಗೆಲ್ಲ ಅದರದ್ದೇ ಜಗಳ. ಆ ಮೂಲೇದು ನೋಡಿ. ಅದರ ಪೆಡಲಿಗೆ ಸುತ್ತಿಗೆನೇ ಇಲ್ಲ."

ಮೂಲೆಯದು ಬೂದು ಬಣ್ಣದ ಸಣ್ಣ ಸೆಟ್ಟು. ದೀಪವಿಲ್ಲ, ಠೀವಿಯಿಲ್ಲ. ಡಾಕ್ಟರು ಒಲ್ಲದ ಮನಸ್ಸಿನಿಂದ ಕೂತು, ಕಾಲೇಜಿನ ದಿನಗಳ ಒಂದು ಇಡೀ ಹಾಡನ್ನು ಬಾರಿಸಿದರು. ಬಲೆಯ ಪ್ಯಾಡು ಕೋಲನ್ನು ಮೃದುವಾಗಿ ಎತ್ತಿ ಎತ್ತಿ ಕೊಡುತ್ತಿತ್ತು. ಮರೆತೇಹೋಗಿದೆ ಅಂದುಕೊಂಡಿದ್ದ ಒಂದು ತಿರುವು ಕೈಗೆ ತಾನಾಗಿ ಬಂತು. ಮುಗಿಸುವಾಗ ಹಣೆಯ ಮೇಲೆ ಬೆವರು, ಕಣ್ಣಲ್ಲಿ ನೀರು.

ಕೆಳಗಿನಿಂದ ದನಿ ಬಂತು: "ಶುರು ಮಾಡಿ ಡಾಕ್ಟ್ರೇ, ಎಷ್ಟೊತ್ತು ಕಾಯೋದು?"

"ಮುಗೀತು ಸಾರ್."

"ಮುಗೀತಾ? ಹಾಗಾದ್ರೆ ಇದನ್ನೇ ತಗೊಳ್ಳಿ. ಅಮೋಘವಾಗಿ ಬಾರಿಸಿದ್ರಿ!"

ಡಾಕ್ಟರು ಕಪ್ಪು ಸೆಟ್ಟಿನ ಕಡೆ ಕೊನೆಯ ನೋಟ ಬೀರಿ, "ಇದರಲ್ಲಿ ರೆಕಾರ್ಡಿಂಗ್ ಚೆನ್ನಾಗಿ ಬರುತ್ತಾ?" ಎಂದು ತಕರಾರು ತೆಗೆದರು.

"ಸದ್ದು ಹೊರಡಿಸೋ ಈ ಡಬ್ಬಿಯಿಂದ ಕಂಪ್ಯೂಟರಿಗೆ ಒಂದು ವೈರು ಎಳೆದ್ರೆ ಆಯ್ತು ಸಾರ್," ಅಂದರು ಯಜಮಾನಿ. "ಮೈಕ್ ಬೇಡ. ಪಕ್ಕದಲ್ಲಿ ಮಿಕ್ಸಿ ತಿರುಗಿದ್ರೂ ರೆಕಾರ್ಡ್ ಆಗೋದು ನಿಮ್ಮ ಏಟು ಮಾತ್ರ."

ಬೂದು ಸೆಟ್ಟು ಮನೆಗೆ ಬಂದು, ದಪ್ಪ ಕಂಬಳಿಯ ಮೇಲೆ ಬೀರುವಿನ ಪಕ್ಕ ಕೂತಿತು. ಡಾಕ್ಟರು ಸಂಜೆ ಕ್ಲಿನಿಕ್ಕಿನಿಂದ ಬಂದವರೇ ಹೆಡ್‌ಫೋನು ಏರಿಸಿ ತಪಸ್ಸಿಗೆ ಕೂರುತ್ತಿದ್ದರು. ಮನೆಯಲ್ಲಿ ಶಾಂತಿ ನೆಲೆಸಿತ್ತು ಎಂದು ಬರೆಯಬಹುದಿತ್ತು. ಆದರೆ ಒಂದು ಸಂಜೆ ಲೈಬ್ರರಿ ತಾತ ಮೆಟ್ಟಿಲು ಹತ್ತಿ ಬಂದರು.

"ಡ್ರಮ್ಸ್ ಕೇಳಿಸ್ತಿದೆಯಾ?" ಎಂದು ಮೇಡಂ ಗಾಬರಿಯಾದರು.

"ಡ್ರಮ್ಸ್ ಕೇಳಿಸಲ್ಲಮ್ಮಾ. ಹಾಡು ಕೇಳಿಸುತ್ತೆ. ಯಾರಿಗಾದ್ರೂ ಹಲ್ಲುನೋವಾ?"

ಮೇಡಂ ಕೋಣೆಯ ಬಾಗಿಲು ತೆರೆದರು. ಕಿವಿ ಮುಚ್ಚಿಕೊಂಡ ಡಾಕ್ಟರು ತಮಗೇ ಗೊತ್ತಿಲ್ಲದೆ ಗಂಟಲು ಹರಿಯುವ ಹಾಗೆ ಹಾಡುತ್ತಿದ್ದರು; ನಡುನಡುವೆ "ಒಂದ್ ಎರಡ್ ಮೂರ್ ನಾಕ್" ಎಂಬ ಘೋಷಣೆ ಬೇರೆ. ಮಗಳು ಕಿವಿಗೆ ದಿಂಬು ಒತ್ತಿಕೊಂಡು ಓದುತ್ತಿದ್ದಳು.

"ಡ್ರಮ್ಸಿಗೆ ಬೀಗ ಇದೆ, ನಿಮಗೇ ಇಲ್ಲ," ಎಂದರು ಮೇಡಂ. ಕ್ಲಿನಿಕ್ಕಿನ ಚೀಲದಿಂದ ಹತ್ತಿಯ ಸುರುಳಿ ತೆಗೆದು ಕೈಗಿಟ್ಟರು. "ಕಚ್ಕೊಳ್ಳಿ."

ಡಾಕ್ಟರು ಏನೋ ಹೇಳಲು ಹೋಗಿ, ಹೆಂಡತಿಯ ಮುಖ ನೋಡಿ ಕಚ್ಚಿಕೊಂಡರು. ಆ ಸಂಜೆಯಿಂದ ಅವರ ಸಾಧನೆಯೆಲ್ಲ ಅಕ್ಷರಶಃ ಹಲ್ಲುಕಚ್ಚಿಕೊಂಡೇ ನಡೆಯಿತು.

ರೆಕಾರ್ಡಿಂಗಿನ ದಿನ ಮಗಳು ಕಂಪ್ಯೂಟರ್ ಹಿಡಿದು ಪಕ್ಕದಲ್ಲಿ ಕೂತಳು. ಡಾಕ್ಟರು ಎರಡೂ ಹಾಡು ಬಾರಿಸಿ, ಹತ್ತಿ ಉಗಿದು, "ಹೇಗೆ?" ಎಂದರು ಎದೆಯುಬ್ಬಿಸಿ.

"ಚೆನ್ನಾಗಿದೆ ಅಪ್ಪಾ. ಆದ್ರೆ ಖುಷಿಯಾದಾಗೆಲ್ಲ ಓಡ್ತೀಯ. ನೋಡು, ಈ ಗೆರೆ ಮೇಲೆ ಏಟು ಬೀಳಬೇಕಿತ್ತು; ಇದು ಮುಂದಿದೆ, ಇದು ಇನ್ನೂ ಮುಂದಿದೆ."

ಪರದೆಯ ಮೇಲೆ ಅವರ ಏಟುಗಳು ಸೊಟ್ಟಪಟ್ಟ ಹಲ್ಲುಗಳ ಹಾಗೆ ನಿಂತಿದ್ದವು. ಡಾಕ್ಟರು ಮತ್ತೆ ಬಾರಿಸಿದರು. ಮತ್ತೆ ಓಡಿದರು. ಇನ್ನೂ ಒಂದು ಸಲ. ಕೈ ಸೋತಿತು.

"ಬೇಕಿದ್ರೆ ಕಂಪ್ಯೂಟರೇ ಎಲ್ಲಾ ಏಟನ್ನೂ ಎಳೆದು ಗೆರೆ ಮೇಲೆ ನಿಲ್ಲಿಸುತ್ತೆ," ಅಂದಳು ಮಗಳು.

"ಅದು ಮೋಸ ಅಲ್ವೇನೇ?"

"ನೀನು ಹಲ್ಲಿಗೆ ಪಾಲಿಶ್ ಮಾಡಲ್ವಾ?"

ಈ ವಾದ ಡಾಕ್ಟರಿಗೆ ವೈಜ್ಞಾನಿಕವಾಗಿ ಕಂಡಿತು. "ಆ ಒಂದೆರಡು ಕಡೆ ಮಾತ್ರ," ಎಂದರು. ಕೇಳಿದರು. "ಅಲ್ಲೊಂದು," ಎಂದರು. ಕೊನೆಗೆ, "ಎಲ್ಲಾ ಮಾಡಿಬಿಡು, ಒಂದೇ ಥರ ಇರಲಿ," ಎಂದರು. ಮಗಳು ಒಂದು ಗುಂಡಿ ಒತ್ತಿದಳು. ಏಟುಗಳೆಲ್ಲ ಕವಾಯತಿಗೆ ನಿಂತವು. ಕೇಳಿದರೆ, ಆಹಾ! ಡಾಕ್ಟರು ತಮಗೆ ತಾವೇ ತಲೆದೂಗಿದರು. ಅಂದೇ ಕಳಿಸಿಯೂ ಆಯಿತು.

ಮೂರನೆಯ ದಿನ ತಂತಿ ಡಾಕ್ಟರ ಫೋನು ಬಂತು. ಇವರು ಸ್ಪೀಕರ್ ಹಾಕಿ, ಹೆಂಡತಿಯನ್ನು ಕೈಬೀಸಿ ಕರೆದರು. ಹೊಗಳಿಕೆಯನ್ನಾದರೂ ಆಕೆ ಪೂರ್ತಿ ಕೇಳಲಿ ಎಂದು.

"ಡಾಕ್ಟ್ರೇ, ಅದ್ಭುತ! ಒಂದು ಏಟಾದ್ರೂ ಆಚೆ ಈಚೆ ಇಲ್ಲ. ಎಲ್ಲರೂ ಕೇಳಿ ದಂಗಾಗಿಬಿಟ್ರು."

ಡಾಕ್ಟರ ಮುಖ ಇಷ್ಟಗಲವಾಯಿತು. "ಏನೋ, ನಿಮ್ಮ ಅಭಿಮಾನ. ಪ್ರಾಕ್ಟೀಸಿಗೆ ಯಾವಾಗ ಬರಲಿ?"

"ನೀವ್ಯಾಕೆ ತೊಂದ್ರೆ ತಗೋತೀರಿ?"

"ಅಂದ್ರೆ?"

"ಸಂಘದ ವಾರ್ಷಿಕೋತ್ಸವದ ವೇದಿಕೆ ಚಿಕ್ಕದು ನೋಡಿ. ಅತಿಥಿಗಳ ಕುರ್ಚಿ ಹಾಕಿದ್ರೆ ಡ್ರಮ್ಸಿಗೆ ಜಾಗ ಇಲ್ಲ. ನಿಮ್ಮ ರೆಕಾರ್ಡಿಂಗ್ ಅಷ್ಟು ಪಕ್ಕಾ ಇದೆಯಲ್ಲ, ಅದನ್ನೇ ಹಾಕ್ಕೊಂಡು ನಾವು ನುಡಿಸ್ತೀವಿ. ನಿನ್ನೆ ಮಾಡಿ ನೋಡಿದ್ವಿ, ಸೊಗಸಾಗಿ ಬಂತು. ಉಳಿದ ಹಾಡುಗಳನ್ನೂ ಹಾಗೇ ಬಾರಿಸಿ ಕಳಿಸಿಬಿಡಿ. ಕಾರ್ಯಕ್ರಮಕ್ಕೆ ಮನೆಯವರನ್ನೆಲ್ಲ ಕರ‍್ಕೊಂಡು ಬರಬೇಕು, ಆಯ್ತಾ?"

ಫೋನು ಇಟ್ಟ ಮೇಲೆ ಡಾಕ್ಟರು ಪೆಚ್ಚಾಗಿ ಕೂತರು. ಮೇಡಂಗೆ ರೇಗಿಹೋಯಿತು. "ಇದೆಂಥ ನ್ಯಾಯ ರೀ? ನೀವಿಲ್ಲ ಅಂದ್ರೆ ರೆಕಾರ್ಡಿಂಗೂ ಇಲ್ಲ ಅನ್ನಿ! ಈಗಲೇ ಫೋನ್ ಮಾಡಿ!"

ತಮ್ಮ ಪರವಾಗಿ ಹೆಂಡತಿ ಇಷ್ಟು ಸಿಟ್ಟಾದದ್ದನ್ನು ಡಾಕ್ಟರು ಎಂದೂ ಕಂಡಿರಲಿಲ್ಲ. ಅರ್ಧ ದುಃಖ ಅಲ್ಲೇ ಇಳಿಯಿತು. "ಬಿಡು," ಎಂದರು. "ಫೋನ್ ಮಾಡಿದ್ರೆ, ಬಂದು ಎದುರಿಗೇ ಬಾರಿಸಿ ಅಂದ್ಬಿಟ್ರೆ?"

ಮೇಡಂಗೆ ಅರ್ಥವಾಗಲಿಲ್ಲ. ಮಗಳಿಗೆ ಅರ್ಥವಾಯಿತು; ನಗು ತಡೆದುಕೊಂಡು ಎದ್ದು ಒಳಗೆ ಹೋದಳು.

ಉಳಿದ ಹಾಡುಗಳೂ ಹೋದವು. ವಾರ್ಷಿಕೋತ್ಸವದ ಸಂಜೆ ಡಾಕ್ಟರ ಸಂಸಾರ ಸಭಾಂಗಣದ ನಡುವಿನ ಸಾಲಿನಲ್ಲಿ ಕೂತಿತ್ತು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಲೈಬ್ರರಿ ತಾತನೂ ಬಂದಿದ್ದರು. ತಮ್ಮ ತಲೆಯ ಮೇಲೆ ನಡೆದದ್ದೇನು ಎಂದು ಅವರಿಗೂ ಒಮ್ಮೆ ಕೇಳಬೇಕಿತ್ತು. ಪರದೆ ಸರಿಯಿತು. ತಂತಿ ಡಾಕ್ಟರು ಗಿಟಾರ್ ಮೀಟಿದರು, ಡಾಕ್ಟರಮ್ಮ ದನಿ ಎತ್ತಿದರು, ಪಕ್ಕದ ದೊಡ್ಡ ಸ್ಪೀಕರಿನಿಂದ ಡ್ರಮ್ಸು ಗುಡುಗಿತು.

"ಇದಾ?" ಎಂದು ತಾತ ಬೆರಗಾಗಿ ಡಾಕ್ಟರ ಕೈ ಕುಲುಕಿದರು. ಮೇಡಂ ಕತ್ತು ಸ್ವಲ್ಪ ಉದ್ದ ಮಾಡಿ ಆಚೀಚಿನ ಸಾಲುಗಳನ್ನು ಒಮ್ಮೆ ನೋಡಿದರು. ತರಗತಿಯಲ್ಲಿ ತನ್ನ ಮಗುವಿಗೇ ಮೊದಲ ಸ್ಥಾನ ಬಂದ ತಾಯಿಯ ಹಾಗೆ. ಡಾಕ್ಟರಿಗೆ ಖುಷಿ ತಡೆಯಲಾಗಲಿಲ್ಲ. ಕುರ್ಚಿಯ ಕೈಯ ಮೇಲೆ ಬೆರಳುಗಳು ಹಾಡಿನ ಜೊತೆ ಆಡತೊಡಗಿದವು. ಹಾಡು ಏರಿದಂತೆ ಕಾಲೂ ಸೇರಿತು. ಎದುರಿನ ಕುರ್ಚಿಗೂ ಒಂದೆರಡು ಬಿತ್ತು.

ಮುಂದಿನ ಸಾಲಿನ ಹೆಂಗಸು ಗಿರಕ್ಕನೆ ತಿರುಗಿದರು.

"ಏನ್ರೀ, ಸ್ವಲ್ಪ ನಿಲ್ಲಿಸ್ತೀರಾ? ಅಷ್ಟು ಚೆನ್ನಾಗಿ ಡ್ರಮ್ಸ್ ಬರ್ತಿದೆ, ನೀವು ಅದಕ್ಕಿಂತ ಮುಂದೆ ಓಡ್ತಿದೀರಿ. ತಾಳ ಗೊತ್ತಿಲ್ಲದಿದ್ರೆ ಸುಮ್ನೆ ಕೂತ್ಕೊಳ್ಳಿ. ಪಾಪ, ಬಾರಿಸಿದವರು ಎಷ್ಟು ಕಷ್ಟಪಟ್ಟಿರ್ತಾರೆ!"

ಮೇಡಂ ಹೇಳಿಯೇಬಿಡಬೇಕೆಂದು ಬಾಯಿ ತೆರೆದರು. ಡಾಕ್ಟರು ಮೆಲ್ಲಗೆ ಆಕೆಯ ಕೈ ಒತ್ತಿದರು. ಪಕ್ಕದಲ್ಲಿ ಮಗಳು ಕರವಸ್ತ್ರದಲ್ಲಿ ಮುಖ ಹುದುಗಿಸಿದ್ದಳು, ಭುಜ ಕುಲುಕುತ್ತಿತ್ತು.

"ತಪ್ಪಾಯ್ತಮ್ಮಾ," ಎಂದರು ಡಾಕ್ಟರು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ಪಾದಗಳನ್ನು ಕುರ್ಚಿಯ ಕೆಳಗೆ ಮಡಚಿ, ಉಳಿದ ಹಾಡನ್ನು ತೆಪ್ಪಗೆ ಕೇಳಿದರು.

ಚಪ್ಪಾಳೆ ನಿಂತ ಮೇಲೆ ಆಕೆ ಮತ್ತೊಮ್ಮೆ ತಿರುಗಿದರು. ಈ ಸಲ ಮುಖದಲ್ಲಿ ನಗು ಇತ್ತು.

"ನೋಡಿದ್ರಾ? ಸುಮ್ನೆ ಕೂತು ಕೇಳಿದ್ರೆ ಎಷ್ಟು ಚೆನ್ನಾಗಿರುತ್ತೆ!"

"ಹೌದಮ್ಮಾ," ಎಂದರು ಡಾಕ್ಟರು. "ಬಹಳ ಚೆನ್ನಾಗಿ ಬಾರಿಸಿದಾರೆ."