ಕರ್ನಲ್ ಸಾಹೇಬರ ಉಣ್ಣೆ ಚಲ್ಲಣ

ಆ ದಿನದ ರಗಳೆ ಶುರುವಾದದ್ದು ಒಂದು ಬಕೆಟ್ ಕಲ್ಲಿದ್ದಲಿನಿಂದ. ರಾತ್ರಿ ಪಹರೆ ಮುಗಿಸಿ ಬೆಳಗ್ಗೆ ಏಳಕ್ಕೆ ಮನೆಗೆ ಬಂದ ಸಾರ್ಜೆಂಟ್ ಫೆಯ್ಜುಲ್ಲಾ ಬೂಟು ಬಿಚ್ಚುವ ಮೊದಲೇ ಹೆಂಡತಿ ನೂರ್‌ಹಯಾತ್ ಖಾಲಿ ಬಕೆಟ್ಟನ್ನು ಅವನ ಕೈಗಿಟ್ಟಳು.

“ಒಲೆ ಆರೋಗ್ತಿದೆ. ಬಾಲ್ಕನಿಯಿಂದ ಒಂದಿಷ್ಟು ಇದ್ದಲು ತಂದುಬಿಡಿ.”

ಫೆಯ್ಜುಲ್ಲಾ ಅದಾನಾದ ಬಿಸಿಲಲ್ಲಿ ಬೆಳೆದವನು. ಎರ್ಜುರುಮ್‌ನಲ್ಲಿ ಇದು ಅವನ ಏಳನೆಯ ಚಳಿಗಾಲ. ಮೊದಲ ವರ್ಷ ಮೂಗು ಹೆಪ್ಪುಗಟ್ಟಿತ್ತು, ಮೂರನೆಯ ವರ್ಷ ಮೀಸೆ ಮುರಿದಿತ್ತು, ಈಗ ಹೆಂಡತಿಯ ಮಂಡಿ ಹಿಡಿದುಕೊಂಡಿತ್ತು. ಕಡಲ ತೀರದ ಮೆರ್ಸಿನ್‌ಗೆ ವರ್ಗ ಕೇಳಿ ಅರ್ಜಿ ಹಾಕಿದ್ದ. ಆ ವರ್ಷದ ವರ್ಗಾವಣೆ ಪಟ್ಟಿಗೆ ಕರ್ನಲ್ ತಹ್ಸಿನ್ ಸಾಹೇಬರು ಅಂದು ಸಂಜೆ ಐದಕ್ಕೆ ಸಹಿ ಹಾಕುವವರಿದ್ದರು. ಸಹಿ ಬಿದ್ದರೆ ಕಿತ್ತಳೆ ತೋಟ, ಬೀಳದಿದ್ದರೆ ಮತ್ತೆ ಮೂರು ವರ್ಷ ಹಿಮ.

ಆ ಕರ್ನಲ್ ಸಾಹೇಬರು ಸದ್ಯಕ್ಕೆ ಅವನ ತಲೆಯ ಮೇಲೆಯೇ ಕೂತಿದ್ದರು. ಇದು ಬರೀ ಮಾತಲ್ಲ. ಅಧಿಕಾರಿಗಳ ಕಟ್ಟಡದಲ್ಲಿ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆದದ್ದರಿಂದ ಅವರು ಹೆಂಡತಿಯೊಡನೆ ಸಾರ್ಜೆಂಟುಗಳ ಕಟ್ಟಡದ ಮೇಲಿನ ಮನೆಗೆ ಬಂದು ಮೂರು ವಾರವಾಗಿತ್ತು. ಅಂದಿನಿಂದ ಇಡೀ ಕಟ್ಟಡದಲ್ಲಿ ಗಂಡ ಹೆಂಡಿರು ಪಿಸುದನಿಯಲ್ಲೇ ಜಗಳವಾಡುತ್ತಿದ್ದರು. ಫೆಯ್ಜುಲ್ಲಾ ಅಂತೂ ಸೀನು ಬಂದರೆ ದಿಂಬಿನಲ್ಲಿ ಮುಖ ಹುದುಗಿಸುತ್ತಿದ್ದ.

ಅವನು ಬಾಲ್ಕನಿಯ ಬಾಗಿಲು ತೆರೆದ. ಹೊರಗೆ ಹಿಮ, ಮಂಜು, ಮಬ್ಬು ಬೆಳಕು. ಇದ್ದಲಿನ ಚೀಲದ ಪಕ್ಕದಲ್ಲಿ ಯಾರೋ ನಿಂತಿದ್ದರು. ಕಾಲೆರಡು ಕಂಡವು, ಸೊಂಟ ಕಂಡಿತು. ಅದರ ಮೇಲೆ ಏನೂ ಇರಲಿಲ್ಲ.

ಫೆಯ್ಜುಲ್ಲಾನ ಜೀವ ಬಾಯಿಗೆ ಬಂತು. ಹೆದರಿದವನ ಕೈಗೆ ಏನು ಸಿಕ್ಕರೂ ಆಯುಧವೇ. ಇದ್ದಲಿನ ಸಲಿಕೆ ಎತ್ತಿ, ಕಣ್ಣು ಮುಚ್ಚಿ, ಕಿರುಚುತ್ತಾ ಬೀಸಿದ. ಕಟಕ್ ಎಂದಿತು. ಕಣ್ಣು ಬಿಟ್ಟರೆ ಒಂದು ಕಾಲು ಮಂಡಿಯ ಕೆಳಗೆ ಮುರಿದು ಬಿದ್ದಿತ್ತು.

ನೂರ್‌ಹಯಾತ್ ಓಡಿ ಬಂದಳು, ಹಿಂದೆಯೇ ಐದು ವರ್ಷದ ಮಗಳು ಜೆಯ್ಲಾನ್.

“ಅಯ್ಯೋ, ಇದು ಚಲ್ಲಣ ಕಣ್ರೀ!” ಎಂದಳು ನೂರ್‌ಹಯಾತ್. “ಮೇಲಿನ ಹಗ್ಗದಿಂದ ಬಿದ್ದಿದೆ. ಒದ್ದೆ ಬಟ್ಟೆ, ಹೆಪ್ಪುಗಟ್ಟಿ ಹಲಗೆ ಆಗಿದೆ.”

ಹೌದು, ಬೂದು ಉಣ್ಣೆಯ, ಕೈಯಲ್ಲಿ ಹೆಣೆದ ಉದ್ದನೆಯ ಒಳಚಲ್ಲಣ. ಸೊಂಟದ ಪಟ್ಟಿಯಲ್ಲಿ ಕೆಂಪು ದಾರದ ಅಕ್ಷರಗಳಿದ್ದವು: ‘ನನ್ನ ಕಂದ ತಹ್ಸಿನ್‌ಗೆ, ಅಮ್ಮನಿಂದ.’

“ಅಪ್ಪಾ, ಕರ್ನಲ್ ತಾತಂಗೆ ಇನ್ಮೇಲೆ ಒಂದೇ ಕಾಲಾ?” ಎಂದು ಜೆಯ್ಲಾನ್ ಗಟ್ಟಿಯಾಗಿ ಕೇಳಿದಳು. ಫೆಯ್ಜುಲ್ಲಾ ಅವಳ ಬಾಯಿ ಮುಚ್ಚಿ ಒಳಗೆಳೆದುಕೊಂಡ.

“ಹೋಯ್ತು. ಮೆರ್ಸಿನ್ ಹೋಯ್ತು. ಅವರಮ್ಮ ಹೆಣೆದದ್ದನ್ನ ನಾನು ಸಲಿಕೇಲಿ ಹೊಡ್ದಿದೀನಿ. ನನ್ನ ಮೆರ್ಸಿನ್‌ಗಲ್ಲ ಕಣೇ, ಗಡಿಯ ಬೆಟ್ಟದ ತುದಿಗೆ ಹಾಕ್ತಾರೆ!”

ಅಷ್ಟರಲ್ಲಿ ಎದುರು ಮನೆಯ ಸಾದೆತ್ ಅಕ್ಕ ಬಾಗಿಲು ತಟ್ಟದೆಯೇ ಒಳಗೆ ಬಂದಳು. ಇನ್ನೊಬ್ಬ ಸಾರ್ಜೆಂಟನ ಹೆಂಡತಿ. ಕಟ್ಟಡದಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ತಿಳಿಯುತ್ತಿದ್ದದ್ದು ಅವಳಿಗೆ.

“ಏನ್ರಪ್ಪಾ ಅದು ಕೂಗು? ಬೆಕ್ಕು ಬಾವಿಗೆ ಬಿದ್ದ ಹಾಗೆ!” ಎಂದವಳು ಚಲ್ಲಣವನ್ನು ನೋಡಿ, ಅಕ್ಷರ ಓದಿ, ಕೆನ್ನೆಗೆ ಕೈ ಹಚ್ಚಿದಳು. “ಅಲ್ಲಾ! ಕೊಂದ್ಯಲ್ಲೋ ಫೆಯ್ಜುಲ್ಲಾ.”

“ಒಲೆಗೆ ಹಾಕ್ಬಿಡ್ತೀನಿ ಅಕ್ಕ.”

“ಹಾಕು. ಉಣ್ಣೆ ಸುಟ್ಟ ವಾಸನೆ ಮೇಲಿನ ಮನೆಗೆ ಹೋಗಿ ನಮಸ್ಕಾರ ಹೇಳತ್ತೆ.”

“ಹಿಮದಲ್ಲಿ ಹೂತುಬಿಡ್ತೀನಿ.”

“ವಸಂತ ಬಂದಾಗ ಹಿಮ ಕರಗಿ ಅಂಗಳದ ಮಧ್ಯೆ ಎದ್ದು ನಿಲ್ಲತ್ತೆ. ದಡ್ಡ ಮುಂಡೇದೇ, ಸುಮ್ನಿರು. ನನ್ನ ಹತ್ರ ಬೂದು ಉಣ್ಣೆ ಇದೆ. ಮಂಡಿಯಿಂದ ಕೆಳಗೆ ಹೊಸದಾಗಿ ಹೆಣೆದುಕೊಡ್ತೀನಿ. ಕರಗಲಿ ಮೊದಲು.”

ಚಲ್ಲಣ ಒಲೆಯ ಪಕ್ಕದ ಕುರ್ಚಿಯ ಮೇಲೆ ಕೂತು ನೀರಿಳಿಸತೊಡಗಿತು. ಅದೇ ಹೊತ್ತಿಗೆ ಮೇಲಿನ ಬಾಲ್ಕನಿಯಿಂದ ಕರ್ನಲ್ ಸಾಹೇಬರ ಪತ್ನಿ ಮುಬೆಜ್ಜೆಲ್ ಅವರ ದನಿ ಕೇಳಿಸಿತು. ಕಟ್ಟಡದವರೆಲ್ಲ ಅವರನ್ನು ಗೌರವದಿಂದ ‘ಹಾನಮ್’ ಎನ್ನುತ್ತಿದ್ದರು.

“ನೂರ್‌ಹಯಾತ್! ಕೆಳಗೆ ಏನಾದ್ರೂ ಬಿದ್ದಿದ್ಯೇನಮ್ಮಾ?”

ನೂರ್‌ಹಯಾತ್ ಬಾಗಿಲಿಗೆ ಹೋಗಿ ಗಂಡನ ಮುಖ ನೋಡಿದಳು. ಇಲ್ಲ ಎನ್ನು ಎಂದು ಅವನು ಕತ್ತು ಉಳುಕುವಷ್ಟು ತಲೆಯಾಡಿಸಿದ.

“ಹಿಮ ಬಿಟ್ಟು ಬೇರೇನೂ ಬಿದ್ದಿಲ್ಲ ಹಾನಮ್!”

“ನಮ್ಮತ್ತೆ ಹೆಣೆದ ಚಲ್ಲಣ ಕಣೆ. ಹದಿನೆಂಟು ವರ್ಷದಿಂದ ಜೋಪಾನ ಮಾಡಿದೀನಿ. ವಾರ ವಾರ ಫೋನ್ ಮಾಡಿ ಕೇಳ್ತಾರೆ, ನನ್ನ ಮಗ ಹಾಕ್ಕೊಂಡಿದಾನಾ ಅಂತ. ಈಗ ಏನ್ ಹೇಳ್ಲಿ? ನಮ್ಮ ಯಜಮಾನ್ರು ಊಟಕ್ಕೆ ಬರ್ಲಿ, ಒಂದೊಂದು ಮನೇನೂ ಹುಡುಕಿಸ್ತೀನಿ!”

ಫೆಯ್ಜುಲ್ಲಾ ಒಲೆಯ ಪಕ್ಕದಲ್ಲಿದ್ದೂ ತಣ್ಣಗಾದ. ಮುರಿದದ್ದು ಸಾಲದು ಎಂದು ಈಗ ಸುಳ್ಳೂ ಹೇಳಿಸಿಯಾಗಿತ್ತು. ಸಾದೆತ್ ಅಕ್ಕ ಕರಗಿದ ಚಲ್ಲಣವನ್ನು ಅಡುಗೆಮನೆಗೆ ಒಯ್ದು, ಕಾಲು ಚಾಚಿ ಕೂತು ಹೆಣೆಯತೊಡಗಿದಳು. ಅವಳ ಬಾಯಿಗಿಂತ ವೇಗವಾದದ್ದು ಕಟ್ಟಡದಲ್ಲಿ ಅವಳ ಸೂಜಿಯೊಂದೇ. ಫೆಯ್ಜುಲ್ಲಾ ಐದೈದು ನಿಮಿಷಕ್ಕೆ ಬಂದು ಎಷ್ಟಾಯಿತು ಎಂದು ಕೇಳುತ್ತಿದ್ದ.

“ಮೀನಖಂಡ ಆಯ್ತು. ಇನ್ನೊಂದ್ಸಲ ಕೇಳಿದ್ರೆ ಸೂಜಿ ನಿನ್ನ ಮೀನಖಂಡಕ್ಕೇ ಚುಚ್ತೀನಿ” ಎಂದು ಅವಳು ಗದರಿದಳು.

ಹನ್ನೆರಡೂವರೆಗೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಆ ಸದ್ದು ಮೇಲಿನ ಮನೆಗೆ ಹೋಯಿತು. ಮೇಲೆ ಹೆಂಗಸಿನ ದನಿ ಏರಿತು, ಇಳಿಯಿತು. ಬೂಟುಗಳು ಮತ್ತೆ ಕೆಳಗಿಳಿದು ಬಂದು ಫೆಯ್ಜುಲ್ಲಾನ ಬಾಗಿಲ ಮುಂದೆಯೇ ನಿಂತವು.

ಕರ್ನಲ್ ತಹ್ಸಿನ್ ಸಾಹೇಬರು ಆರಡಿ ಆಳು, ಪೊರಕೆಯಂಥ ಹುಬ್ಬು. ಒಳಗೆ ಬಂದವರು ಒಲೆಯ ಪಕ್ಕದಲ್ಲಿ ಕೂತರು. ಕೂತದ್ದು ಚಲ್ಲಣ ಕೂತಿದ್ದ ಕುರ್ಚಿಯಲ್ಲೇ, ಅದಿನ್ನೂ ಒದ್ದೆಯಿತ್ತು. ಅವರು ಸ್ವಲ್ಪ ಅಲುಗಾಡಿದರು. ನೂರ್‌ಹಯಾತ್ ಚಹಾ ತಂದಿಟ್ಟಳು. ಸಾಹೇಬರು ಸಕ್ಕರೆಯ ತುಂಡನ್ನು ಹಲ್ಲಲ್ಲಿ ಕಚ್ಚಿಕೊಂಡು ಒಂದು ಗುಟುಕು ಕುಡಿದರು.

“ಬಾಗ್ಲು ಹಾಕು ಸಾರ್ಜೆಂಟ್.”

ಫೆಯ್ಜುಲ್ಲಾ ಕೋಣೆಯ ಬಾಗಿಲು ಹಾಕಿದ.

“ಬೆಳಗ್ಗೆ ಮೇಲಿಂದ ಏನಾದ್ರೂ ಬಿತ್ತಾ? ನಿಜ ಹೇಳು.”

ಕರ್ನಲ್ ಸಾಹೇಬರ ಕಣ್ಣೆದುರು ಸುಳ್ಳು ಹೇಳುವ ಎದೆ ಅವನಿಗಿರಲಿಲ್ಲ. “ಬಿತ್ತು ಸಾರ್. ನಾನು ಕಳ್ಳ ಅಂದ್ಕೊಂಡೆ ಸಾರ್. ಸಲಿಕೇಲಿ ಹೊಡ್ದೆ, ಕಾಲು ಮುರೀತು. ನಂಗೆ ಮಗು ಇದೆ ಸಾರ್…”

“ಮುರೀತಾ?” ಸಾಹೇಬರು ಮುಂದಕ್ಕೆ ಬಾಗಿದರು. ಹುಬ್ಬುಗಳು ಮೇಲೆ ಹೋದವು. “ಪೂರ್ತಿ?”

“ಮಂಡಿಯಿಂದ ಕೆಳಗೆ ಪೂರ್ತಿ, ಸಾರ್.”

“ಭೇಷ್!” ಸಾಹೇಬರು ತೊಡೆ ತಟ್ಟಿಕೊಂಡರು. ಆಮೇಲೆ ಬಾಗಿಲ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. “ಈ ಮಾತು ಈ ಕೋಣೆ ದಾಟಬಾರದು. ಅದನ್ನ ಎಸೆದದ್ದು ನಾನೇ. ಅಂಗಳಕ್ಕೆ ಅಂತ ಎಸೆದೆ, ಗಾಳಿ ನಿನ್ನ ಬಾಲ್ಕನಿಗೆ ತಂತು. ಹದಿನೆಂಟು ಚಳಿಗಾಲ ಕಣಯ್ಯಾ! ಮುಳ್ಳುಹಂದೀನ ಒಳಗೆ ಕಟ್ಕೊಂಡ ಹಾಗೆ. ಜನರಲ್ ಎದುರು ಸೆಲ್ಯೂಟ್ ಹೊಡ್ದು ನಿಂತಾಗ ಕೆರೆಯೋ ಹಾಗಿಲ್ಲ. ಬಿಡೋಣ ಅಂದ್ರೆ ಮನೇಲಿ ಹೆಂಡ್ತಿ, ಫೋನಲ್ಲಿ ಅಮ್ಮ. ಯುದ್ಧಕ್ಕೆ ಹೆದರದ ನಾನು ಇವರಿಬ್ರಿಗೆ ಹೆದರ್ತೀನಿ. ಈಗೆಲ್ಲಿದೆ ಅದು?”

“ಇ… ಇಲ್ಲೇ ಇದೆ ಸಾರ್.”

“ಸಂಜೆ ಒಳಗೆ ಯಾರಿಗೂ ಕಾಣದ ಹಾಗೆ ಮಾಡು. ನೀನು ಕೇಳಿದ್ದು ಮೆರ್ಸಿನ್ ಅಲ್ವಾ? ಮೊದಲ ಸಹಿ ನಿನ್ನ ಹೆಸರಿಗೇ ಹಾಕ್ತೀನಿ. ಒಳ್ಳೆ ಊರು. ಅಲ್ಲಿ ಒಳಚಲ್ಲಣ ಬೇಡವೇ ಬೇಡ.”

ಫೆಯ್ಜುಲ್ಲಾನ ಕಣ್ಣಲ್ಲಿ ನೀರೇ ಬಂತು. ಏಳು ವರ್ಷದಲ್ಲಿ ಮೊದಲ ಸಲ ಅವನಿಗೆ ಅಂಗಾಲಿನ ತನಕ ಬೆಚ್ಚಗೆನಿಸಿತು. ಬೀಸುವ ದೊಣ್ಣೆಯಿಂದ ತಪ್ಪಿಸಿಕೊಂಡದ್ದಷ್ಟೇ ಅಲ್ಲ, ದೊಣ್ಣೆ ಬೀಸಿದವನೇ ಮಿಠಾಯಿ ಕೊಟ್ಟಂತಾಗಿತ್ತು. “ಈಗಲೇ ಸಾರ್!” ಎಂದು ಅಡುಗೆಮನೆಗೆ ಓಡಿದ.

ಸಾದೆತ್ ಅಕ್ಕ ಕೂತಿದ್ದ ಜಾಗ ಖಾಲಿಯಾಗಿತ್ತು. ನೂರ್‌ಹಯಾತ್ ಒಬ್ಬಳೇ ಮುಖ ಅರಳಿಸಿಕೊಂಡು ನಿಂತಿದ್ದಳು.

“ಎಲ್ಲೇ ಅದು?”

“ಮುಗೀತು ಕಣ್ರೀ! ಹೊಸದಕ್ಕಿಂತ ಗಟ್ಟಿಯಾಗಿದೆ. ಸಾದೆತ್ ಅಕ್ಕ ತಾನೇ ಮೇಲೆ ತಗೊಂಡು ಹೋದ್ರು. ನೀವೇ ಹುಡುಕಿ, ನೀವೇ ಹೆಣೆಸಿ ಕೊಟ್ರಿ ಅಂತ ಹಾನಮ್ ಹತ್ರ ಹೇಳ್ತಾರಂತೆ. ಪುಣ್ಯಾತ್ಗಿತ್ತಿ!”

ಫೆಯ್ಜುಲ್ಲಾ ಬಾಗಿಲಿಗೆ ಓಡಿದ. ತಡವಾಗಿತ್ತು. ಮುಬೆಜ್ಜೆಲ್ ಹಾನಮ್ ಚಲ್ಲಣವನ್ನು ಮಗುವಿನಂತೆ ಎದೆಗವಚಿಕೊಂಡು ಇಳಿದು ಬರುತ್ತಿದ್ದರು. ಹಿಂದೆ ಸಾದೆತ್ ಅಕ್ಕ ಗೆದ್ದ ಸೈನ್ಯದಂತೆ ಬರುತ್ತಿದ್ದಳು.

“ತಹ್ಸಿನ್! ನೋಡಿ ಇಲ್ಲಿ! ಸಿಕ್ಕಿತು! ನಮ್ಮ ಸಾರ್ಜೆಂಟ್ ರಾತ್ರಿ ನಿದ್ದೆ ಇಲ್ಲದಿದ್ರೂ ಬೆಳಗ್ಗಿಂದ ಕೂತು ಸರಿಮಾಡಿಸಿದಾನೆ. ದಪ್ಪ ಉಣ್ಣೆ ಹಾಕಿಸಿದಾನೆ, ಇನ್ನೂ ಇಪ್ಪತ್ತು ವರ್ಷ ಬಾಳಿಕೆ ಬರತ್ತೆ!”

ಕೋಣೆಯಿಂದ ಹೊರಬಂದ ಕರ್ನಲ್ ಸಾಹೇಬರು ಚಲ್ಲಣವನ್ನು ನೋಡಿದರು. ಹೊಸ ಕಾಲನ್ನು ಬೆರಳಿನಿಂದ ಮುಟ್ಟಿದರು. ಅದು ಹಳೆಯದಕ್ಕಿಂತ ಎರಡರಷ್ಟು ಚುಚ್ಚುತ್ತಿತ್ತು. ಆಮೇಲೆ ಅವರು ಬಹಳ ಹೊತ್ತು ಫೆಯ್ಜುಲ್ಲಾನನ್ನು ನೋಡಿದರು. ಶತ್ರುಸೈನ್ಯವನ್ನೂ ಅವರು ಹಾಗೆ ನೋಡಿರಲಿಕ್ಕಿಲ್ಲ.

“ಅತ್ತೆಗೆ ಫೋನಲ್ಲಿ ಹೇಳೂ ಆಯ್ತು” ಎಂದರು ಹಾನಮ್ ಕಣ್ಣೊರೆಸಿಕೊಳ್ಳುತ್ತಾ. “ಆ ಹುಡುಗನಿಗೂ ಒಂದು ಹೆಣೆದು ಕೊಡ್ತೀನಿ, ಅಳತೆ ಕಳಿಸು ಅಂದ್ರು. ನೀವೂ ಏನಾದ್ರೂ ಮಾಡಿ ತಹ್ಸಿನ್. ಇಂಥವರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ?”

“ಸಿಗಲ್ಲ” ಎಂದರು ಕರ್ನಲ್ ಸಾಹೇಬರು. “ಅದಕ್ಕೇ ಇವನನ್ನ ಎಲ್ಲಿಗೂ ಕಳಿಸಲ್ಲ. ಇಲ್ಲೇ, ನನ್ನ ಕಣ್ಣೆದುರೇ ಇಟ್ಕೋತೀನಿ. ಅಮ್ಮ ಹೆಣೆದದ್ದನ್ನ ನಾಳೆಯಿಂದ ನಾನೂ ಹಾಕ್ಕೋಬೇಕು, ಇವನದು ಬಂದ ಮೇಲೆ ಇವನೂ ಹಾಕ್ಕೋಬೇಕು. ದಿನಾ ಬೆಳಗ್ಗೆ ಪೆರೇಡಿನಲ್ಲಿ ನಾನೇ ತಪಾಸಣೆ ಮಾಡ್ತೀನಿ.”

ಸಾದೆತ್ ಅಕ್ಕ ಫೆಯ್ಜುಲ್ಲಾನ ಬೆನ್ನು ತಟ್ಟಿ, ಅವನ ಸೊಂಟದ ಅಳತೆ ತೆಗೆಯಲು ದಾರ ಬಿಚ್ಚಿದಳು.